ಮಣ್ಣಿಗಿಟ್ಟ ಫೋನು

ಪಾಪಕ್ಕ ಮಗನ ಗುಂಡಿಯಲ್ಲಿ ಮೂರು ವಸ್ತು ಇಟ್ಟಳು. ಒಂದು ಕಟ್ಟು ಬೀಡಿ, ಎಲೆ ಅಡಿಕೆ, ಆಮೇಲೆ ಅವನ ಫೋನು. ಬೀಡಿಯನ್ನೂ ಎಲೆ ಅಡಿಕೆಯನ್ನೂ ಊರೆಲ್ಲ ನೋಡಿತು. ಫೋನನ್ನು ಮಾತ್ರ ಯಾರೂ ನೋಡಲಿಲ್ಲ. ಅದನ್ನು ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ, ಮೇಲೆ ಇನ್ನೊಂದು ಕವರು ಸುತ್ತಿ, ದಾರ ಬಿಗಿದು ಸೆರಗಿನ ಮರೆಯಲ್ಲಿ ಇಟ್ಟುಕೊಂಡು ಹೋಗಿದ್ದಳು. ಹಿಡಿ ಮಣ್ಣು ಹಾಕುವ ನೆಪದಲ್ಲಿ ಬಗ್ಗಿ ಅವನ ಬಲಗೈ ಪಕ್ಕಕ್ಕೆ ತಳ್ಳಿಬಿಟ್ಟಳು. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗಿಟ್ಟು ಕಳಿಸುವುದು ಕ್ಯಾಸಂಬಳ್ಳಿ ಪಕ್ಕದ ಆ ಊರಿನಲ್ಲಿ ಹಿಂದಿನಿಂದ ಬಂದ ಪದ್ಧತಿ. ನಾಗೇಶನಿಗೆ ಕಟ್ಟಿಕೊಂಡವಳಿಗಿಂತ, ಹೆತ್ತವಳಿಗಿಂತ, ಕೊಟ್ಟಿಗೆಯ ಹಸುವಿಗಿಂತ ಫೋನೇ ಹೆಚ್ಚು ಅಂತ ಮೂರು ವರ್ಷ ಬೈದವಳು ಇವಳೇ ಅಲ್ಲವೇ? ಮುಚ್ಚಿಟ್ಟದ್ದು ಯಾಕೆಂದರೆ, ಅಷ್ಟು ಬೆಲೆಬಾಳುವ ಫೋನನ್ನು ಮಣ್ಣುಪಾಲು ಮಾಡ್ತೀಯಾ ಅಂತ ಯಾರಾದರೂ ಕಿತ್ತುಕೊಂಡಾರು ಎಂಬ ಭಯಕ್ಕೆ.

ಎಂಥ ದಡ್ಡ ಮುದುಕಿ ಅಂತ ಅನ್ನುವ ಮುಂಚೆ ಸ್ವಲ್ಪ ತಾಳಿ. ಆ ದಿನ ಆ ಊರಿನಲ್ಲಿ ಅವಳಿಗಿಂತ ಜಾಣರು ಯಾರೂ ಇರಲಿಲ್ಲ.

ನಾಗೇಶ ಸತ್ತದ್ದು ಜೂನ್ ತಿಂಗಳಲ್ಲಿ, ಬಂಗಾರಪೇಟೆ ರಸ್ತೆಯ ಒಂದು ಮಾವಿನ ತಿರುಳಿನ ಕಾರ್ಖಾನೆಯಲ್ಲಿ. ಹಣ್ಣಿನ ಸುಗ್ಗಿಯ ಎರಡು ತಿಂಗಳು ಅಲ್ಲಿ ಹಗಲೂ ರಾತ್ರಿ ಮಿಷನ್ನು ಓಡುತ್ತದೆ. ಸಿಪ್ಪೆಯೂ ಕೊಳೆತ ರಸವೂ ತೊಳೆದ ನೀರೂ ಹಿಂದುಗಡೆಯ ಆಳದ ತೊಟ್ಟಿಗೆ ಹೋಗಿ ನಿಲ್ಲುತ್ತವೆ. ಆವತ್ತು ತೊಟ್ಟಿಯ ಪಂಪು ಕಟ್ಟಿಕೊಂಡಿತು. ಇಳಿದು ಬಿಡಿಸು ಅಂದರು. ದಿನಗೂಲಿಯವನು, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲದವನು, ಇಲ್ಲ ಅಂದಾನೆಯೇ? ಚಪ್ಪಲಿ ಬಿಟ್ಟ, ಅಂಗಿ ಬಿಚ್ಚಿದ, ಫೋನನ್ನು ಜೊತೆಗಾರ ಚಲಪತಿಯ ಕೈಗೆ ಕೊಟ್ಟ.

"ಇದ ಇಟ್ಕೊಂಡಿರು, ಒಂದ್ ಗಳಿಗೆ, ಇಳ್ದು ಬತ್ತೀನಿ" ಅಂದ.

ಚಲಪತಿ ಅದೇ ಊರಿನ ಹುಡುಗ. ಮದುವೆಯಾಗಿ ವರ್ಷವಾಗಿಲ್ಲ, ಬಾಯಿಬಡುಕ. ತಮಾಷೆಗೆ ಫೋನಿನಲ್ಲಿ ಲೈವ್ ಒತ್ತಿದ. ನಾಗೇಶ ದಿನಾ ಸಂಜೆ ಹಾಲು ಕರೆಯುವಾಗ ಹಾಗೆ ಒತ್ತಿ ಹಾಡುತ್ತಿದ್ದ, ಐನೂರು ಆರುನೂರು ಜನ ನೋಡುತ್ತಿದ್ದರು. "ನೋಡ್ರಪ್ಪೋ ನೋಡ್ರಿ, ನಮ್ ನಾಗೇಶಣ್ಣ ಪಾತಾಳಕ್ಕೆ ಓಗ್ತವ್ನೆ!" ಅಂತ ಚಲಪತಿ ಕೂಗಿದ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳುತ್ತಿದ್ದ ನಾಗೇಶ ಕ್ಯಾಮರಾ ನೋಡಿ ನಕ್ಕ. "ಬೇಗ ಇಳಿಯೋ, ಲಾರಿ ಬರೋ ಹೊತ್ತಾಯ್ತು" ಅಂತ ಸೂಪರ್‌ವೈಸರು ಗದರಿದ. ವಿಡಿಯೋದಲ್ಲಿ ಅದೂ ಬಂತು, ಅವನ ಮುಖವೂ ಬಂತು. ಇಳಿದು ಎರಡು ನಿಮಿಷಕ್ಕೆ, ಕೊಳೆತ ರಸದ ವಿಷಗಾಳಿಗೆ ನಾಗೇಶ ಕುಸಿದು, ಹಗ್ಗ ಸಡಿಲವಾಯಿತು. ಆಮೇಲಿನ ಮುಕ್ಕಾಲು ಗಂಟೆ ಚಲಪತಿ ಫೋನು ಹಿಡಿದುಕೊಂಡೇ ಅತ್ತ, ಕೂಗಿದ, ಹಗ್ಗ ಎಳೆದ. ಎಲ್ಲವನ್ನೂ ಲೋಕ ನೋಡಿತು.

ಲೋಕ ಅಂದರೆ ಲೋಕವೇ. ಮಾರನೆಯ ದಿನದ ಹೊತ್ತಿಗೆ ಎಂಟು ಲಕ್ಷ ಜನ ನೋಡಿದ್ದರು. ಬಂಗಾರಪೇಟೆ ಸರ್ಕಲ್ಲಿನಲ್ಲಿ ಕೂಲಿಯವರು ಕೂತು ಎರಡು ಗಂಟೆ ರಸ್ತೆ ತಡೆದರು. ಚಲಪತಿ ಆಸ್ಪತ್ರೆಯ ಶವದ ಕೋಣೆಯ ಮುಂದೆ ಫೋನನ್ನು ಪಾಪಕ್ಕನ ಕೈಗೆ ತುರುಕಿ, "ಅವನ್ದು ದೊಡ್ಡಮ್ಮ" ಅಂತ ಮುಖ ಮುಚ್ಚಿಕೊಂಡು ಹೋದ. ಪಾಪಕ್ಕ ಅದನ್ನು ಮಡಿಲಿಗೆ ಹಾಕಿಕೊಂಡಳು. ಅಷ್ಟು ಜನರ ಕಣ್ಣಿಗೆ ಬಿದ್ದಿರುವಾಗ ಇನ್ನು ಸಾಕ್ಷಿ ಯಾಕೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ಊರೆಲ್ಲ ಆಡಿಕೊಂಡಿತು. ಹೀಗಿರುವಾಗ ಒಬ್ಬ ತಾಯಿ ಮಗನ ಆಟದ ಸಾಮಾನನ್ನು ಅವನ ಜೊತೆಗೇ ಕಳಿಸಿದರೆ ಅದರಲ್ಲಿ ಏನು ದಡ್ಡತನ?

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಮನೆಗೆ ಬಂದಾಗ ನಾಗೇಶನ ಹೆಂಡತಿ ಅಂಬಿಕ ತನ್ನ ಫೋನಿನಲ್ಲಿ ಆ ವಿಡಿಯೋ ತೆಗೆದಳು. ಗಂಡ ನಗುವ ಆ ಒಂದು ಗಳಿಗೆಯನ್ನು ನೋಡಬೇಕು ಅನ್ನಿಸಿತ್ತು ಪಾಪ. ವಿಡಿಯೋ ಇರಲಿಲ್ಲ. ಬೂದಿ ಬಣ್ಣದ ಚೌಕ, ಅದರಲ್ಲಿ ಒಂದು ಸಾಲು: ಕಾನೂನಿನ ಕೋರಿಕೆಯಂತೆ ಇದನ್ನು ತೆಗೆಯಲಾಗಿದೆ.

"ನೆಟ್ವರ್ಕ್ ಸರಿಯಿಲ್ಲ, ತಗೀ ಅತ್ಲಾಗಿ" ಅಂದಳು ಪಾಪಕ್ಕ. ಅವಳಿಗೆ ಅಕ್ಷರ ಬಾರದು. ಅಂಕಿ ಮಾತ್ರ ಬರುತ್ತದೆ. ಬಸ್ಸಿನ ನಂಬರು, ಡೈರಿ ಚೀಟಿಯ ಲೀಟರು, ಕ್ಯಾಲೆಂಡರಿನ ತಾರೀಖು, ಅಷ್ಟು.

ನೆಟ್ವರ್ಕು ಸರಿಯಾಗಿಯೇ ಇತ್ತು. ತಿಂಗಳು ಕಳೆಯುವಷ್ಟರಲ್ಲಿ ಠಾಣೆಯಿಂದ ವರದಿಯ ನಕಲು ಬಂತು. ತೊಟ್ಟಿಯ ಮೋಟಾರಿನ ತಾಮ್ರದ ವೈರು ಕದಿಯಲು ಅಕ್ರಮವಾಗಿ ಒಳಗೆ ನುಗ್ಗಿ, ಕಾಲು ಜಾರಿ ಬಿದ್ದು ಸತ್ತ ಅಂತ ಅದರಲ್ಲಿ ಬರೆದಿತ್ತು. ಹಗ್ಗವಿಲ್ಲ, ಸೂಪರ್‌ವೈಸರಿಲ್ಲ, ಪಂಪಿಲ್ಲ. ಮನುಷ್ಯರನ್ನು ತೊಟ್ಟಿಗೆ ಇಳಿಸಬಾರದು ಅಂತ ಕಾನೂನಿದೆಯಲ್ಲ, ಆದ್ದರಿಂದ ಯಾರೂ ಇಳಿಸಿಲ್ಲ. ಸತ್ತವನ ಮೇಲೆ ಗೂಬೆ ಕೂರಿಸಿದರೆ ಅವನೇನು ಎದ್ದು ಬಂದು ಕೊಡವುತ್ತಾನೆಯೇ? ಎಂಟು ವರ್ಷದ ಮೊಮ್ಮಗಳು ಲಿಖಿತ ಶಾಲೆಯಿಂದ ಬಂದು, "ಅಜ್ಜಿ, ಅಪ್ಪ ಏನ್ ಕದ್ದಿದ್ದು?" ಅಂತ ಕೇಳಿದಳು. ಜೀವ ಹೋದದ್ದು ಹೋಯಿತು, ಮಗನಿಗೆ ಕಳ್ಳ ಅನ್ನುವ ಹೆಸರು ಮಾತ್ರ ಉಳಿಯಬಾರದು. ಅಷ್ಟೇ ಪಾಪಕ್ಕನಿಗೆ ಬೇಕಾದದ್ದು.

ನೇರ ಚಲಪತಿಯ ಮನೆಗೆ ಹೋದಳು. ಅವನು ತಲೆ ಎತ್ತಲಿಲ್ಲ.

"ನಾನು ಆಮೇಲೆ ಬಂದೆ ಅಂತ ಬರ್ಸವ್ರೆ ದೊಡ್ಡಮ್ಮ. ಎಬ್ಬೆಟ್ಟು ಒತ್ತಿದೀನಿ. ಇಲ್ದಿದ್ರೆ ನೀನೇ ತಳ್ದೆ ಅಂತ ಕೇಸ್ ಆಕ್ತೀವಿ ಅಂದ್ರು."

"ಥೂ ನಿನ್ನ! ನೀನೇ ಅಲ್ವೇನ್ಲಾ ಅದ ಲೋಕಕ್ಕೆಲ್ಲ ತೋರ್ಸಿದ್ದು?"

"ಅದೇ ಅಲ್ವಾ ದೊಡ್ಡಮ್ಮ ನಾನು ಅಂದ್ಕೊಂಡಿದ್ದು. ನಾನು ಸುಳ್ಳೇಳಿದ್ರೂ ವಿಡಿಯೋ ನಿಜ ಏಳ್ತದೆ ಅಂತ. ಇಂಗ್ ಮಾಯ ಆಗ್ತದೆ ಅಂತ ನಂಗೇನ್ ಗೊತ್ತು?"

ಅವನ ಬಸುರಿ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದಳು. ಪಾಪಕ್ಕ ಅವಳ ಕಡೆ ಒಮ್ಮೆ ನೋಡಿ ಹೊರಗೆ ಬಂದಳು.

ಊರಲ್ಲಿ ಇನ್ನೊಬ್ಬನ ಹತ್ತಿರ ಆ ವಿಡಿಯೋದ ಒಂದು ತುಂಡು ಇತ್ತು. ಹಾಲಿನ ಡೈರಿಯ ಸೆಕ್ರೆಟರಿ ಕೋದಂಡಪ್ಪ, ಊರ ವಾಟ್ಸಾಪ್ ಗುಂಪಿಗೂ ಅವನೇ ಯಜಮಾನ. ನಾಲ್ಕು ನಿಮಿಷದ ತುಂಡು, ಹಗ್ಗ ಕಟ್ಟುವುದೂ ಸೂಪರ್‌ವೈಸರು ಗದರುವುದೂ ಅದರಲ್ಲಿ ಇತ್ತಂತೆ. ಠಾಣೆಯಿಂದ ಫೋನು ಬಂದಿತ್ತು: ಗುಂಪಿನಲ್ಲಿ ಅದು ಉಳಿದರೆ ಅಡ್ಮಿನ್ನನ್ನೇ ಎಳೆದುಕೊಂಡು ಹೋಗುತ್ತೇವೆ ಅಂತ. ಕೋದಂಡಪ್ಪ ಅಳಿಸಿದ. ಎಲ್ಲರಿಗೂ ಅಳಿಸಿ ಅಂತ ಹೇಳಿದ. ಅವರು ಅಳಿಸಿದರೋ ಇಲ್ಲವೋ ಅಂತ ಮನೆಮನೆಗೆ ಹೋಗಿ ಫೋನು ಇಸಿದುಕೊಂಡು ನೋಡಿಯೂ ಬಂದ. ಅಷ್ಟು ಶ್ರದ್ಧೆಯನ್ನು ಅವನು ಹಾಲಿನ ಅಳತೆಯಲ್ಲಿ ಎಂದೂ ತೋರಿಸಿದವನಲ್ಲ.

"ನಂಗೂ ಎಂಡ್ರು ಮಕ್ಳು ಅವ್ರೆ ಪಾಪಕ್ಕ" ಅಂದ. ಎಲ್ಲರಿಗೂ ಹೆಂಡತಿ ಮಕ್ಕಳು ಇದ್ದರು. ಸತ್ತವನಿಗೂ ಇದ್ದರು ಅನ್ನುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಬಂಗಾರಪೇಟೆ ಕೋರ್ಟಿನ ಎದುರಿಗೆ ಸುಮಿತಾ ಅಂತ ಒಬ್ಬ ವಕೀಲೆ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫೀಸು ಆಮೇಲೆ ನೋಡೋಣ ಅಂದು ಕೂರಿಸಿಕೊಂಡಳು. ಅತ್ತೆ ಸೊಸೆ ಇಬ್ಬರಿಗೂ ಟೀ ತರಿಸಿದಳು.

"ತೆಗೆಸಿದ್ದು ಯಾರು ತಾಯಿ? ಅದೊಂದು ಏಳ್ಬಿಡಿ" ಅಂದಳು ಪಾಪಕ್ಕ.

"ಅದೇ ಗೊತ್ತಾಗಲ್ಲಮ್ಮ. ಈಗ ಸರ್ಕಾರದವರು ಒಂದು ಪೋರ್ಟಲ್ ಮಾಡಿಟ್ಟಿದ್ದಾರೆ. ಎಷ್ಟೋ ಇಲಾಖೆಗಳ ಅಧಿಕಾರಿಗಳಿಗೆ ಅದರ ಕೀಲಿ ಕೊಟ್ಟಿದ್ದಾರೆ. ಯಾವ ಊರಿನ ಯಾವ ಕುರ್ಚಿಯಿಂದ ಒತ್ತಿದರೂ ವಿಡಿಯೋ ಕಂಪನಿಯವರು ಗಂಟೆಗಳ ಲೆಕ್ಕದಲ್ಲಿ ತೆಗೆಯಬೇಕು. ಇಲ್ಲ ಅಂದರೆ ಅವರ ಮೇಲೇ ಕೇಸು. ಅವರು ಯಾಕೆ ನಾಗೇಶನಿಗೋಸ್ಕರ ಜಗಳ ಆಡ್ತಾರೆ ಹೇಳಿ? ರಸ್ತೆ ತಡೆ ಆಯ್ತಲ್ಲ, ಶಾಂತಿಗೆ ಭಂಗ ಅಂತ ಕಾರಣ ಕೊಟ್ಟಿರ್ತಾರೆ."

"ಸರಿ, ಆ ಕಾಗದ ಕೇಳಾನ. ಯಾರು ರುಜು ಆಕವ್ರೆ ಅಂತ ನೋಡಾನ."

"ಕೇಳಿದರೆ ಗುಟ್ಟು ಅಂತಾರೆ. ಆರ್ಡರನ್ನ ಗುಟ್ಟಾಗಿ ಇಡಬೇಕು ಅಂತಾನೇ ನಿಯಮ ಇದೆ."

ಪಾಪಕ್ಕನಿಗೆ ನಗು ಬಂತು, ಕೆಟ್ಟ ನಗು. ಮಗ ಸತ್ತದ್ದು ಎಂಟು ಲಕ್ಷ ಜನಕ್ಕೆ ಬಹಿರಂಗ, ಅಳಿಸಿದವನ ಹೆಸರು ಮಾತ್ರ ಗುಟ್ಟು.

ಸುಮಿತಾ ಅರ್ಜಿ ಬರೆದುಕೊಟ್ಟಳು. ಅಂಬಿಕ, ಪಾಪಕ್ಕ ಅದನ್ನು ಹಿಡಿದು ಬಂಗಾರಪೇಟೆ, ಉರಿಗಾಂ, ಕೋಲಾರ ಅಂತ ಅಲೆದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಬ್ಬರು ನಮ್ಮಲ್ಲ ಅಂದರು, ಇನ್ನೊಬ್ಬರು ಬೆಂಗಳೂರು ಅಂದರು, ಮತ್ತೊಬ್ಬರು ದೆಹಲಿ ಅಂದರು. ವಿಡಿಯೋ ಕಂಪನಿಗೆ ಬರೆದ ಕಾಗದಕ್ಕೆ ಮಿಷನ್ನೇ ಉತ್ತರ ಕೊಟ್ಟಿತು. ಗೌರಿ ಹಬ್ಬದ ಹಿಂದಿನ ವಾರ ಒಂದು ಕಚೇರಿಯಲ್ಲಿ ಕನ್ನಡಕದ ಗುಮಾಸ್ತರೊಬ್ಬರು ಸಿಕ್ಕರು. ಒಳ್ಳೆಯ ಮನುಷ್ಯ, ಕೂತುಕೊಳ್ಳಿ ಅಂದ ಮೊದಲನೆಯವರು ಅವರೇ.

"ತೆಗೆದಾಗ ಅಕೌಂಟಿನ ಯಜಮಾನರಿಗೆ ನೋಟೀಸು ಬಂದಿರುತ್ತಮ್ಮ. ಅವರು ಆಕ್ಷೇಪಣೆ ಹಾಕಬೇಕು. ಅದಕ್ಕೆ ಇಷ್ಟು ದಿನ ಅಂತ ಗಡುವು ಇರುತ್ತೆ. ಗಡುವು ಮುಗಿಯೋವರೆಗೆ ವಿಡಿಯೋ ಆ ಕಂಪನಿಯವರ ಹತ್ತಿರ ಇರುತ್ತೆ, ಆಮೇಲೆ ಪೂರ್ತಿ ಅಳಿಸಿಬಿಡ್ತಾರೆ. ಬೇಗ ಹಾಕಿಸಿ."

"ಅಕೌಂಟು ನಮ್ಮ ಯಜಮಾನರದ್ದೇ ಸಾರ್. ಸತ್ತಿರೋದೇ ಅವರು" ಅಂದಳು ಅಂಬಿಕ.

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಅವರ ಫೋನು ಇದ್ದರೂ ಸಾಕು. ಅದರಲ್ಲಿ ಅಕೌಂಟು ತೆರೆದಿದ್ದರೆ ಅದರಿಂದಲೇ ಹಾಕಬಹುದು. ಫೋನು ಎಲ್ಲಿ?"

"ಸಿಗಲಿಲ್ಲ ಸಾರ್. ಆಸ್ಪತ್ರೆ ಗಲಾಟೇಲಿ ಎಲ್ಲೋ ಹೋಯ್ತು."

ಪಾಪಕ್ಕ ಪಕ್ಕದಲ್ಲೇ ಕೂತಿದ್ದಳು. ಈಗ ಹೇಳಬೇಕಿತ್ತು. ಹೇಳು ಮುದುಕಿ, ಬಾಯಿ ಬಿಡು ಅಂತ ಅವಳ ಒಳಗೇ ಯಾರೋ ಕೂಗುತ್ತಿದ್ದರು. ನಾಲಿಗೆ ಏಳಲಿಲ್ಲ. ಹೇಳಿದರೆ ಗುಂಡಿ ಅಗೆಯಬೇಕು. ಮಣ್ಣು ಮಾಡಿದ ಮಗನ ನಿದ್ದೆ ಕೆಡಿಸಬೇಕು. ಊರು ಉಗಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತಿಂಗಳಿಗೂ ಹೆಚ್ಚು ಬಿಸಿಲಲ್ಲಿ ಸುತ್ತಿ ಸುತ್ತಿ ಬಡಕಲಾಗಿದ್ದ ಈ ಸೊಸೆ ತನ್ನ ಮುಖ ನೋಡುತ್ತಾಳೆ. ಬಸ್ಸಿನಲ್ಲಿ ಅಂಬಿಕ ಕಿಟಕಿಗೆ ತಲೆ ಆನಿಸಿ, "ಆ ಫೋನೊಂದು ಇದ್ದಿದ್ರೆ ಅತ್ತೆ" ಅಂದಳು. ಪಾಪಕ್ಕ, "ಉಂ" ಅಂದಳು. ಇವತ್ತು ಬೇಡ, ಹಬ್ಬ ಕಳೆಯಲಿ ಅಂದುಕೊಂಡಳು. ಹಬ್ಬ ಕಳೆಯಿತು. ನಾಳೆ ಅಂದುಕೊಂಡಳು.

ಹಾಗೆ ನಾಳೆ ನಾಳೆ ಅನ್ನುತ್ತಲೇ ಮಹಾಲಯ ಅಮಾವಾಸ್ಯೆ ಬಂತು. ಸೆಪ್ಟೆಂಬರ್ ಇಪ್ಪತ್ತೊಂದು. ಪಕ್ಷದ ಎಡೆಗೆ ಅಂಬಿಕ ನಾಗೇಶನಿಗೆ ಇಷ್ಟವಾದದ್ದೆಲ್ಲ ಮಾಡಿದಳು: ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಎಲೆ ತುಂಬಿದ ಮೇಲೆ ತನ್ನ ಫೋನನ್ನೂ ತಂದು ಎಲೆಯ ಪಕ್ಕ ಇಟ್ಟಳು.

"ಅವರ್ದಂತೂ ಕಳೆದೋಯ್ತು. ನನ್ದಾದ್ರೂ ಇರ್ಲಿ" ಅಂದಳು.

ಪಾಪಕ್ಕ ಆ ಫೋನನ್ನು ಎಲೆಯ ಪಕ್ಕದಿಂದ ಎತ್ತಿಕೊಂಡಳು. "ಅಯ್ಯೋ ದೇವುಡಾ! ಕಳೆದಿಲ್ಲ ಕಣವ್ವ. ನಾನೇ ಇಟ್ಟೆ. ಅವನ ಕೈ ಪಕ್ಕ ನಾನೇ ಇಟ್ಟೆ" ಅಂತ ಎದೆ ಬಡಿದುಕೊಂಡಳು. ಎಲ್ಲ ಹೇಳಿದಳು. ಅಂಬಿಕ ಬೈಯಲಿಲ್ಲ, ಅಳಲಿಲ್ಲ. "ಕವರು ಗಟ್ಟಿಯಾಗಿ ಸುತ್ತಿದ್ರಾ ಅತ್ತೆ?" ಅಂತ ಮಾತ್ರ ಕೇಳಿದಳು. ಬೈದಿದ್ದರೆ ಪಾಪಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹಾಲು ಹಾಕಿ ಬಂದು ಇಬ್ಬರೂ ಗುದ್ದಲಿ, ಮಂಕರಿ ತೆಗೆದುಕೊಂಡು ಹೊರಟರು. ದಾರಿಯಲ್ಲಿ ಕೋದಂಡಪ್ಪ ಅಡ್ಡ ಬಂದ.

"ಏನ್ ಪಾಪಕ್ಕ ಇದು? ತಹಸೀಲ್ದಾರ್ರ ಆರ್ಡರ್ ಇಲ್ದೆ ಗುಂಡಿ ಮುಟ್ಟಂಗಿಲ್ಲ. ಪೊಲೀಸ್ ಕೇಸ್ ಆಗ್ತದೆ. ಊರಿಗೇ ಕೇಡು."

"ಫೋನ್ ಮಾಡಿ ಏಳೋಗು. ಅಳ್ಸೋದಕ್ಕೆ ಇನ್ನೇನೈತೆ ನಮ್ತಾವ?" ಅಂದಳು ಪಾಪಕ್ಕ. ಅವನು ಹಿಂದೆ ಸರಿದ.

ಹೊಂಗೆ ಮರದ ಕೆಳಗಿನ ಗುಂಡಿ. ಅಗೆಯುವಷ್ಟೂ ಅಗೆದವಳು ಅಂಬಿಕ. ಮಣ್ಣಿನ ಬಣ್ಣ ಬದಲಾದಾಗ ಪಾಪಕ್ಕ ಅವಳ ರಟ್ಟೆ ಹಿಡಿದು ಮೇಲಕ್ಕೆ ಎಳೆದಳು. "ನೀನು ಆ ಕಡೆ ತಿರುಗಿ ನಿಂತ್ಕೋ. ಅವನ್ನ ಎತ್ತು ಸಾಕ್ದೋಳು ನಾನು, ನಂಗೇನು ಏಸಿಗೆ" ಅಂದು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಇಳಿದಳು. ಅಲ್ಲಿ ಏನು ಕಂಡಳು ಅಂತ ಅವಳು ಯಾರಿಗೂ ಹೇಳಿಲ್ಲ, ನಾವು ಕೇಳಲೂ ಬಾರದು. ಮೇಲೆ ಬಂದಾಗ ಕೈಯಲ್ಲಿ ಕವರಿನ ಗಂಟಿತ್ತು. ಮಣ್ಣು ಮುಚ್ಚಿ, ಬಾವಿಯ ನೀರನ್ನು ತಲೆಗೆ ಸುರಿದುಕೊಂಡು, ಒದ್ದೆ ಬಟ್ಟೆಯಲ್ಲೇ ಆಂಡರ್ಸನ್‌ಪೇಟೆಯ ಆಟೋ ಹತ್ತಿದರು.

ರಿಪೇರಿ ಅಂಗಡಿಯವನು ತಮಿಳಿನವನು. ಕವರು ಬಿಚ್ಚಿದ, ಮೂಸಿದ, ಇಬ್ಬರ ಮುಖ ನೋಡಿದ. ಎಲ್ಲಿತ್ತು ಅಂತ ಕೇಳಲಿಲ್ಲ. ಅಂಗಡಿಯ ಒಳಗೆ ಊದುಬತ್ತಿ ಹಚ್ಚಿ ಕೆಲಸಕ್ಕೆ ಕೂತ. "ಬ್ಯಾಟರಿ ಪೋಯಿಡ್ಚು ಪಾಟಿ, ಹೋಗ್ಬಿಟ್ಟೈತೆ ಅಜ್ಜಿ, ಬೇರೆ ಹಾಕ್ತೀನಿ, ಡಿಸ್ಪ್ಲೇನೂ ಹಾಕ್ತೀನಿ. ಬೋರ್ಡ್ ಚೆನ್ನಾಗೈತೆ" ಅಂದ. ಎರಡು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಪಾಪಕ್ಕ ಕೈಮುಗಿದುಕೊಂಡೇ ಕೂತಿದ್ದಳು, ಯಾವ ದೇವರಿಗೆ ಅಂತ ಅವಳಿಗೇ ತಿಳಿಯದು.

ಫೋನು ಹತ್ತಿಕೊಂಡಿತು. ಅಂಬಿಕ ಬೆರಳಿನಿಂದ ಗೆರೆ ಎಳೆದು ಬೀಗ ತೆಗೆದಳು. ಮೊದಲು ಗ್ಯಾಲರಿ ನೋಡಿದಳು. ಕೊನೆಯ ಚಿತ್ರ ಅದೇ ದಿನ ಬೆಳಗಿನದು: ಹಸು ತೊಳೆಯುತ್ತಿದ್ದ ಪಾಪಕ್ಕ, ಫೋನು ಬಿಟ್ಟು ಕೆಲಸಕ್ಕೆ ಓಗ್ಲಾ ಅಂತ ಚೆಂಬು ಎತ್ತಿ ಬೈಯುತ್ತಿರುವುದು. ಆಮೇಲೆ ಏನೂ ಇಲ್ಲ.

"ಲೈವ್ ಬಿಟ್ಟದ್ದು ಫೋನಲ್ಲಿ ಉಳಿಯಲ್ಲಮ್ಮ, ಕಂಪನೀಲಿ ಮಾತ್ರ" ಅಂದ ರಿಪೇರಿಯವನು. ತನ್ನ ಅಂಗಡಿಯ ವೈಫೈ ಹಾಕಿಕೊಟ್ಟ.

ಫೋನು ಗುಂಯ್ ಗುಂಯ್ ಅಂತ ಅದುರಲು ಶುರುವಾಯಿತು. ನೂರು ದಿನದ ಸುದ್ದಿಯೆಲ್ಲ ಒಟ್ಟಿಗೆ ಬಂದು ಬೀಳುತ್ತಿತ್ತು. ನಡುವೆ ಒಂದನ್ನು ಅಂಬಿಕ ಒತ್ತಿದಳು, ಓದಿದಳು.

"ಏನಂತೆ?"

ಅಂಬಿಕ ಜೋರಾಗಿ ಓದಿದಳು. "ನಮಸ್ಕಾರ ನಾಗೇಶ್. ಸರ್ಕಾರದ ಕಾನೂನುಬದ್ಧ ಕೋರಿಕೆಯ ಮೇರೆಗೆ ನಿಮ್ಮ ವಿಡಿಯೋವನ್ನು ತೆಗೆಯಲಾಗಿದೆ. ನೀವು ಇದನ್ನು ಒಪ್ಪದಿದ್ದರೆ ತೊಂಬತ್ತು ದಿನಗಳ ಒಳಗೆ ಆಕ್ಷೇಪಣೆ ಸಲ್ಲಿಸಬಹುದು."

"ಇನ್ನೊಂದು ಐತಲ್ಲ ಕೆಳಗೆ."

"ನಿಮ್ಮಿಂದ ಯಾವ ಉತ್ತರವೂ ಬಾರದ ಕಾರಣ ನಿಮ್ಮ ವಿಡಿಯೋವನ್ನು ಶಾಶ್ವತವಾಗಿ ಅಳಿಸಲಾಗಿದೆ. ಧನ್ಯವಾದಗಳು."

ರಿಪೇರಿಯವನು ಮುಖ ಆ ಕಡೆ ತಿರುಗಿಸಿಕೊಂಡ. ಅಂಬಿಕ ಸುಮಿತಾಗೆ ಫೋನು ಮಾಡಿದಳು. ವಿಡಿಯೋ ಒಂದಿತ್ತು ಅಂತ ಇದರಿಂದ ಗೊತ್ತಾಗುತ್ತೆ, ಒಳಗೆ ಏನಿತ್ತು ಅಂತ ಗೊತ್ತಾಗಲ್ಲ, ಮೇಲಾಗಿ ಫೋನು ಎಲ್ಲಿ ಸಿಕ್ಕಿತು ಅಂತ ಕೇಳಿದರೆ ಗುಂಡಿ ಅಗೆದದ್ದಕ್ಕೆ ನಿಮ್ಮಿಬ್ಬರ ಮೇಲೇ ಕೇಸಾಗುತ್ತೆ ಅಂತ ಸುಮಿತಾ ಹೇಳಿದಳು.

"ಯಾವತ್ತು ಅಳ್ಸಿದ್ದಂತೆ?" ಅಂತ ಕೇಳಿದಳು ಪಾಪಕ್ಕ.

ಅಂಬಿಕ ಫೋನನ್ನು ಎದೆಗೆ ಮುಚ್ಚಿಕೊಂಡಳು. "ಆವಾಗ್ಲೇ ಅತ್ತೆ. ಜುಲೈ ತಿಂಗಳಲ್ಲೇ ಅಳ್ಸಿಬಿಟ್ಟವ್ರೆ. ನಾವು ಏನ್ ಮಾಡಿದ್ರೂ ಆಗ್ತಿರ್ಲಿಲ್ಲ."

"ಓ, ಅಂಗಾ" ಅಂದಳು ಪಾಪಕ್ಕ. ಸೊಸೆ ಓದುವಾಗಲೇ ಅವಳು ಆ ಸಾಲಿನ ಪಕ್ಕದ ಅಂಕಿಗಳನ್ನು ನೋಡಿದ್ದಳು. ಹನ್ನೊಂದು, ಗೀಟು, ಒಂಬತ್ತು. ಅಂಕಿ ಅವಳಿಗೆ ಬರುತ್ತದೆ. ಅಮಾವಾಸ್ಯೆಗೆ ಹತ್ತು ದಿನ ಮುಂಚೆ. ಕನ್ನಡಕದ ಗುಮಾಸ್ತರು ಫೋನು ಎಲ್ಲಿ ಅಂತ ಕೇಳಿದ ದಿನ, ಗಡುವು ಮುಗಿಯಲು ಇನ್ನೂ ಮೂರು ವಾರ ಬಾಕಿ ಇತ್ತು. ಸೊಸೆ ಸುಳ್ಳು ಹೇಳಿದ್ದು ತನಗಾಗಿ ಅಂತಲೂ ತಿಳಿಯಿತು.

ಊರಿಗೆ ಬಂದ ಮೇಲೆ ಪಾಪಕ್ಕ ಫೋನು ಕೊಡು ಅಂದಳು. ಅಂಬಿಕ ಕೊಟ್ಟಳು. ಮುದುಕಿ ಅದನ್ನು ಮೊದಲಿನ ಹಾಗೆಯೇ ಹಾಲಿನ ಕವರಿನಲ್ಲಿ ಸುತ್ತಿ, ದಾರ ಬಿಗಿದು ಹೊಂಗೆ ಮರದ ಹತ್ತಿರ ಹೋದಳು. ಅಂಬಿಕ ದೂರದಲ್ಲಿ ನಿಂತಳು. ಮಧ್ಯಾಹ್ನದ ಬಿಸಿಲಿತ್ತು, ಡೈರಿಯ ಕಡೆಯಿಂದ ಕ್ಯಾನುಗಳ ಸದ್ದು ಬರುತ್ತಿತ್ತು. ಪಾಪಕ್ಕ ಗುಂಡಿಯ ಬಲಗಡೆ ಮೊಣಕೈಯುದ್ದ ಮಣ್ಣು ತೋಡಿ ಗಂಟನ್ನು ಒಳಗಿಟ್ಟಳು.

"ಲೋ ನಾಗೇಶ, ನಿನ್ ಹೆಸರಿಗೆ ನೋಟೀಸ್ ಬಂದೈತೆ ಕಣ್ಲಾ" ಅಂದಳು, ಸೊಸೆಗೆ ಕೇಳಿಸದಷ್ಟು ಮೆಲ್ಲಗೆ. "ಇನ್ನೂ ಟೈಮ್ ಇತ್ತು ಕಣಪ್ಪ. ನಾನೇ ಬಾಯಿ ಬಿಡ್ಲಿಲ್ಲ."

ಆಮೇಲೆ ಎರಡೂ ಕೈಯಿಂದ ಮಣ್ಣು ಎಳೆದು ಮುಚ್ಚಿದಳು.